ಮೂವತ್ತು ದಿನದ ಕಾದಂಬರಿಗೆ ತಯಾರಿ: ಉದ್ದ ನೋಟ್‌ಬುಕ್ಕೋ, ಮದುವೆ ಕರೆಯೋಲೆಯೋ?

ಒಂದು ತಿಂಗಳಲ್ಲಿ 50,000 ಪದಗಳ ಕಾದಂಬರಿ ಬರೆಯುವ ಪಂಥವನ್ನು 1999ರ ಜುಲೈನಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ಕಡೆಯ 21 ಮಂದಿ ಶುರುಮಾಡಿದರು. ಮರುವರ್ಷ ಅದು ನವೆಂಬರಿಗೆ ಹೋಯಿತು. ಅಲ್ಲಿ ಆಗ ಹವೆ ಕೆಟ್ಟಿರುತ್ತದೆ, ಮನೆಯೊಳಗೇ ಕುಳಿತು ಬರೆಯಬಹುದು. ಶಿರಸಿಯಲ್ಲಿ ನವೆಂಬರ್ ಎಂದರೆ ಮಳೆ ಬಿಟ್ಟು ಅಡಿಕೆ ಕೊಯ್ಲು ಬಾಗಿಲಿಗೆ ಬಂದು ನಿಲ್ಲುವ ಕಾಲ. ಕಾದಂಬರಿಯ ಕೊನೆಗಿಂತ ಮೊದಲು ಮರದ ಕೊನೆ ಇಳಿಯಬೇಕು. ಆದರೂ ಮೂರು ನವೆಂಬರ್ ಈ ಹುಚ್ಚಿಗೆ ಬಿದ್ದೆ, ಮೂರು ಬಗೆಯ ತಯಾರಿಯೊಂದಿಗೆ. ಕಥೆ ಮಾತ್ರ ಒಂದೇ: ಸೀಬರ್ಡ್ ನೌಕಾನೆಲೆಗೆ ಊರು ಬಿಟ್ಟುಕೊಟ್ಟ ಕಾರವಾರದ ಒಂದು ಮೀನುಗಾರ ಕುಟುಂಬ.

ಗುರಿಯನ್ನು 35,000ಕ್ಕೆ ಇಳಿಸಿಕೊಂಡೆ. ಇದು ಸೋಮಾರಿತನವಲ್ಲ. ನಮ್ಮ ‘ಹೋಗಬೇಕಾಗಿತ್ತಂತೆ’ ಎಂಬ ಒಂದು ಪದಕ್ಕೆ ಇಂಗ್ಲಿಷಿನಲ್ಲಿ ಅರ್ಧ ಸಾಲು ಬೇಕು. ಅವರ ದಿನಕ್ಕೆ 1,667 ಪದಗಳ ಲೆಕ್ಕ ನಮಗೆ ಹೊಂದುವುದಿಲ್ಲ.

ಮೊದಲ ವರ್ಷ ತಯಾರಿಯೇ ಇರಲಿಲ್ಲ. ಹನ್ನೊಂದು ದಿನಗಳಲ್ಲಿ ಒಂಬತ್ತು ಸಾವಿರ ಪದಗಳಾದವು. ಅಷ್ಟರಲ್ಲೂ ಇಬ್ಬರು ಕಾರವಾರ ಬಸ್ ನಿಲ್ದಾಣದಲ್ಲಿ ಚಹಾ ಕುಡಿಯುತ್ತಲೇ ಇದ್ದರು. ಅದರ ಬಗ್ಗೆ ಇಷ್ಟು ಸಾಕು.

ಎರಡನೆಯ ವರ್ಷ ಉದ್ದ ನೋಟ್‌ಬುಕ್ ತಂದು ಅಕ್ಟೋಬರ್ ಪೂರ್ತಿ 24 ಅಧ್ಯಾಯಗಳ ನಕ್ಷೆ ಹಾಕಿದೆ. ನೋಡಲು ಎಷ್ಟು ಚೆಂದವಿತ್ತೆಂದರೆ ಕಾದಂಬರಿ ಮುಗಿದೇಹೋಯಿತು ಎನ್ನಿಸಿತು. ಮೋಸವಾದದ್ದೇ ಅಲ್ಲಿ. ಏಳನೆಯ ಅಧ್ಯಾಯಕ್ಕೆ ‘ರಂಪಣಿ ಎಳೆಯುವಾಗ ಅಣ್ಣತಮ್ಮಂದಿರ ಜಗಳ’ ಎಂದು ಒಂದು ಸಾಲು ಬರೆದಿದ್ದೆ. ಬರೆಯಲು ಕುಳಿತ ದಿನ ನೋಡಿದರೆ, ದಡದಿಂದ ಆ ದೊಡ್ಡ ಬಲೆಯನ್ನು ಎಳೆಯುವಾಗ ಯಾರು ಎಲ್ಲಿ ನಿಲ್ಲುತ್ತಾರೆ, ಮೀನಿನ ಪಾಲು ಹೇಗೆ ಹಂಚುತ್ತಾರೆ, ಒಂದೂ ನನಗೆ ಗೊತ್ತಿಲ್ಲ. ಘಟ್ಟದ ಮೇಲಿನ ಅಡಿಕೆ ಮನೆಯವಳು ನಾನು. ಪಾಲಿನ ಲೆಕ್ಕ ತಿಳಿಯದೆ ಪಾಲಿನ ಜಗಳ ಬರೆಯುವುದು ಹೇಗೆ? ನನಗೆ ಗೊತ್ತಿಲ್ಲದ್ದನ್ನೆಲ್ಲ ನಕ್ಷೆ ಅಂದವಾಗಿ ಮುಚ್ಚಿಟ್ಟಿತ್ತು. 21,000ಕ್ಕೆ ನಿಂತೆ.

ಮೂರನೆಯ ವರ್ಷ ಅಟ್ಟದ ಹಳೆಯ ಮದುವೆ ಕರೆಯೋಲೆಗಳನ್ನು ಕತ್ತರಿಸಿ ನಲವತ್ತು ಚೀಟಿ ಮಾಡಿದೆ. ಖಾಲಿ ಬದಿಯಲ್ಲಿ ಒಂದು ಜಾಗ, ಒಂದು ತಂಟೆ, ಕೆಳಗೆ ಕೆಂಪು ಪೆನ್ನಿನಲ್ಲಿ ನನಗೆ ಗೊತ್ತಿಲ್ಲದ ಒಂದು ವಿಷಯ. ಹದಿನೇಳು ಚೀಟಿಗಳು ಕೆಂಪಾದವು. ಅಕ್ಟೋಬರಿನಲ್ಲೇ ಅವನ್ನು ಚೀಲಕ್ಕೆ ಹಾಕಿಕೊಂಡು ದೇವಿಮನೆ ಘಟ್ಟ ಇಳಿದು, ಕುಮಟೆಯಲ್ಲಿ ಬಸ್ ಬದಲಿಸಿ ಕಾರವಾರಕ್ಕೆ ಹೋದೆ. ಬೈತಖೋಲದಲ್ಲಿ ಬಲೆ ರಿಪೇರಿ ಮಾಡುತ್ತಿದ್ದವರ ಪಕ್ಕ ಅರ್ಧ ದಿನ ಕುಳಿತೆ. ಒಂಬತ್ತು ಚೀಟಿಗಳಿಗೆ ಉತ್ತರ ಸಿಕ್ಕಿತು, ಕೇಳದ ಮೂರು ಕಥೆಗಳೂ ಸಿಕ್ಕವು.

ಚೀಟಿಯ ಇನ್ನೊಂದು ಲಾಭ ಕೊಯ್ಲಿನ ದಿನಗಳಲ್ಲಿ ತಿಳಿಯಿತು. ನೋಟ್‌ಬುಕ್ ಇಂದು ಎಂಟನೆಯ ಅಧ್ಯಾಯ ಎಂದು ಹಟ ಹಿಡಿಯುತ್ತದೆ. ಚೀಟಿಯಾದರೆ ಸುಸ್ತಾದ ರಾತ್ರಿಗೆ ಸಣ್ಣದೊಂದನ್ನು ಆರಿಸಿಕೊಳ್ಳಬಹುದು. ಅಡಿಕೆ ಸುಲಿಯುವಾಗ ಕೈಗೆ ಬಿಡುವಿಲ್ಲ, ಬಾಯಿಗಿದೆ ಎಂದು ಮೊಬೈಲಿಗೆ ಹೇಳಿ ಬರೆಸಿಯೂ ನೋಡಿದೆ. ಅದಕ್ಕೆ ನಮ್ಮ ಹವ್ಯಕ ಮಾತು ತಿಳಿಯದು. ಪುಸ್ತಕದ ಕನ್ನಡದಲ್ಲಿ ಭಾಷಣ ಮಾಡತೊಡಗಿದಾಗ ಅತ್ತೆ ಕತ್ತಿ ಕೆಳಗಿಟ್ಟು ನಕ್ಕರು. ಆ ಪ್ರಯೋಗ ಎರಡು ದಿನಕ್ಕೇ ನಿಂತಿತು.

ಚೀಟಿ ಸೋತದ್ದು ಕಾಲದ ಲೆಕ್ಕದಲ್ಲಿ. ಸೀಬರ್ಡ್ ಯೋಜನೆಗೆ ಶಂಕುಸ್ಥಾಪನೆಯಾದದ್ದು 1986ರಲ್ಲಿ, ಅದರಡಿ ಕಟ್ಟಿದ ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿದ್ದು 2005ರಲ್ಲಿ. ಈ ಹತ್ತೊಂಬತ್ತು ವರ್ಷಗಳಲ್ಲಿ ಚೀಟಿಗಳನ್ನು ಹಿಂದೆಮುಂದೆ ಸರಿಸುತ್ತ ಹೋಗಿ, ಕಿರಿಯ ಸೊಸೆ ಹದಿನಾಲ್ಕು ತಿಂಗಳ ಬಸುರಿಯಾದಳು. ಇದನ್ನು ನೋಟ್‌ಬುಕ್ ಮೊದಲ ದಿನವೇ ಹಿಡಿಯುತ್ತಿತ್ತು. ಆದರೂ ನವೆಂಬರ್ 30ಕ್ಕೆ 34,100 ಪದಗಳಿದ್ದವು. ಇನ್ನು ಮೇಲೆ ನೋಟ್‌ಬುಕ್ಕಿನಿಂದ ವರ್ಷ-ತಿಂಗಳು ಬರೆದ ಒಂದೇ ಒಂದು ಹಾಳೆ, ಮಿಕ್ಕದ್ದೆಲ್ಲ ಚೀಟಿ.

ತೊಂದರೆ ಒಂದೇ. ಈ ವರ್ಷ ಬಂದ ಕರೆಯೋಲೆಗಳೆಲ್ಲ ಎರಡೂ ಬದಿ ಬಣ್ಣ ಬಳಿದುಕೊಂಡಿವೆ. ಬೆನ್ನು ಖಾಲಿ ಇರುವುದು ಎರಡೇ, ಅವೂ ಉಪನಯನದವು.