ಫ್ರೀರೇಡಿಯಸ್: ಒಂಬತ್ತು ವರ್ಷ ಬಳಸಿದ ಮೇಲೆ

ಬೆಳಿಗ್ಗೆ ಏಳೂಕಾಲಿಗೆ ಸರ್ವರ್ ಕೋಣೆಯ ಬೀಗ ತೆಗೆಯುತ್ತೇನೆ. ಏಸಿಯ ಕೆಳಗಿಟ್ಟ ಬಕೆಟ್ಟಿನ ನೀರು ಚೆಲ್ಲಿ, ಕ್ಯಾಂಟೀನಿನ ಕಾಫಿಯನ್ನು ಕೈಯಲ್ಲಿ ಹಿಡಿದು, ವೈಫೈಗೆ ಸೇರಲು ಬಂದವರ ಹೆಸರು, ಪಾಸ್‌ವರ್ಡ್ ಪರಿಶೀಲಿಸುವ ಉಚಿತ ಸರ್ವರ್ ತಂತ್ರಾಂಶ ಫ್ರೀರೇಡಿಯಸ್ ಹಿಂದಿನ ರಾತ್ರಿ ಯಾರು ಯಾರನ್ನು ಬಾಗಿಲಿನಿಂದಲೇ ವಾಪಸು ಕಳಿಸಿದೆ ಎಂದು ನೋಡುತ್ತೇನೆ. 2016ರಿಂದ ಇದೇ ದಿನಚರಿ. ಹಾಸ್ಟೆಲಿನಲ್ಲಿ ಯಾರು ಹೊಸ ಮೊಬೈಲ್ ಕೊಂಡರು, ಯಾರು ರಾತ್ರಿ ಎರಡು ಗಂಟೆಗೆ ಗೆಳೆಯನ ಪಾಸ್‌ವರ್ಡ್ ಊಹಿಸುತ್ತಾ ಕೂತಿದ್ದರು ಎಂಬುದು ವಾರ್ಡನ್‌ಗಿಂತ ಮೊದಲು ನನಗೆ ಗೊತ್ತಾಗುತ್ತದೆ. ಹೇಳುವುದಿಲ್ಲ, ಅದು ಬೇರೆ ಮಾತು.

ನಮ್ಮದು ಜಿಲ್ಲಾ ಕೇಂದ್ರದ ಒಂದು ಎಂಜಿನಿಯರಿಂಗ್ ಕಾಲೇಜು. ಮೊದಲು ಇಡೀ ಹಾಸ್ಟೆಲಿಗೆ ಒಂದೇ ವೈಫೈ ಪಾಸ್‌ವರ್ಡ್ ಇತ್ತು. ಸೂಚನಾ ಫಲಕದಲ್ಲಿ ಅಂಟಿಸಿದ ಮರುದಿನವೇ ಅದು ಗೇಟಿನ ಎದುರಿನ ಚಹಾ ಅಂಗಡಿಯವರಿಗೂ ಬಾಯಿಪಾಠವಾಗುತ್ತಿತ್ತು. ಒಬ್ಬೊಬ್ಬರಿಗೂ ಪ್ರತ್ಯೇಕ ಖಾತೆ ಬೇಕು ಎಂದು ತೀರ್ಮಾನವಾದಾಗ ಮೂರು ದಾರಿಗಳಿದ್ದವು. ಮೊದಲನೆಯದು ಈ ಕೆಲಸಕ್ಕೆಂದೇ ಹೆಸರಾಂತ ಕಂಪನಿಯೊಂದು ಮಾರುವ ಸಿದ್ಧ ಪೆಟ್ಟಿಗೆ. ಕೊಟೇಶನ್ ಉಪಕರಣಗಳ ಲೆಕ್ಕದಲ್ಲಿ ಬಂದಿತ್ತು. ಹುಡುಗನೊಬ್ಬ, ಅವನ ಬಳಿ ಒಂದು ಮೊಬೈಲ್, ಒಂದು ಲ್ಯಾಪ್‌ಟಾಪ್ ಎಂದು ಗುಣಿಸಿದಾಗ ಲೆಕ್ಕಪತ್ರ ವಿಭಾಗದವರು ಕಾಗದವನ್ನು ಮಡಿಸಿ ಮರಳಿಸಿದರು. ಎರಡನೆಯದು ವಿಂಡೋಸ್ ಸರ್ವರ್ ಜತೆಗೇ ಬರುವ, ಇದೇ ಕೆಲಸದ ಎನ್‌ಪಿಎಸ್. ಅದಕ್ಕೆ ಬಳಕೆದಾರರ ಪಟ್ಟಿ ಇಡುವ ಮೈಕ್ರೋಸಾಫ್ಟಿನ ಆಕ್ಟಿವ್ ಡೈರೆಕ್ಟರಿ ಇದ್ದರೆ ಹಿತ. ನಮ್ಮ ವಿದ್ಯಾರ್ಥಿಗಳ ಪಟ್ಟಿ ಇದ್ದದ್ದು ಪ್ರವೇಶ ವಿಭಾಗದ ಹಳೆಯ ಮೈಎಸ್‌ಕ್ಯೂಎಲ್ ಡೇಟಾಬೇಸಿನಲ್ಲಿ. ಉಳಿದದ್ದು ಫ್ರೀರೇಡಿಯಸ್. ಪಟ್ಟಿ ಬರೀ ಪಠ್ಯದ ಕಡತದಲ್ಲಿರಲಿ, ಎಸ್‌ಕ್ಯೂಎಲ್‌ನಲ್ಲಿರಲಿ, ಎಲ್‌ಡ್ಯಾಪ್‌ನಲ್ಲಿರಲಿ, ನೀವೇ ಬರೆದ ಪರ್ಲ್ ಸ್ಕ್ರಿಪ್ಟಿನಲ್ಲಿರಲಿ, ಅದು ಮುಖ ಸಿಂಡರಿಸುವುದಿಲ್ಲ.

"ಉಚಿತ ಅನ್ನುತ್ತೀರಿ, ಕೆಟ್ಟರೆ ಯಾರನ್ನು ಕೇಳುವುದು?" ಎಂದು ಪ್ರಾಂಶುಪಾಲರು ಕೇಳಿದರು. "ನನ್ನನ್ನು, ಸರ್" ಎಂದೆ. ಆ ಎರಡು ಪದಗಳ ಬೆಲೆಯನ್ನು ಮುಂದಿನ ಮೂರು ತಿಂಗಳು ತೆತ್ತೆ.

1999ರಲ್ಲಿ ಅಲನ್ ಡಿಕಾಕ್ ಮತ್ತು ಮಿಕೆಲ್ ವಾನ್ ಸ್ಮೂರೆನ್‌ಬರ್ಗ್ ಆರಂಭಿಸಿದ ಈ ಯೋಜನೆಯ ಬುದ್ಧಿವಾದ ಅಂದಿನಿಂದ ಒಂದೇ: ಮೂಲ ಸಂರಚನೆಯನ್ನು ಹಾಗೆಯೇ ಇಟ್ಟುಕೊಳ್ಳಿ, ಒಂದು ಸಲಕ್ಕೆ ಒಂದೇ ಸಣ್ಣ ಬದಲಾವಣೆ ಮಾಡಿ, ಪರೀಕ್ಷಿಸಿ, ಮುಂದೆ ಹೋಗಿ. ನಾನು ಮಾಡಿದ್ದೇನು? ಅಂತರಜಾಲದಲ್ಲಿ ಸಿಕ್ಕ ಹಳೆಯ ಆವೃತ್ತಿಯ ಸಂರಚನೆಯನ್ನು ಹೊಸದರ ಮೇಲೆ ಸುರಿದೆ. ಹತ್ತಾರು ಕಡತ, ಒಂದರಿಂದ ಇನ್ನೊಂದಕ್ಕೆ ಕೊಂಡಿ, ಕಡತದ ತುಂಬ ಟಿಪ್ಪಣಿ. ಅದರಲ್ಲಿ ಕೈ ಹಾಕಿದವನಿಗೆ ಅಜ್ಜಿಯ ನೂಲಿನ ಬುಟ್ಟಿಯಲ್ಲಿ ಬಿದ್ದ ಬೆಕ್ಕಿನ ಪಾಡು. ಎಲ್ಲವನ್ನೂ ಅಳಿಸಿ, ಬುದ್ಧಿವಾದ ಕೇಳಿ ಮತ್ತೆ ಶುರು ಮಾಡಿದಾಗ ಒಂದು ವಾರದಲ್ಲಿ ಮೊದಲ ಮೊಬೈಲ್ ಒಳಗೆ ಬಂತು.

ಈ ಸರ್ವರಿನ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಒಂದೇ ಕಾರಣಕ್ಕೆ, ತಪ್ಪು ಹುಡುಕಲು ನೆರವಾಗುವ ಅದರ ಡಿಬಗ್ ಪರದೆ. ಸರ್ವರಿನ ಆಜ್ಞೆಯ ಹೆಸರಿನ ನಂತರ ಒಂದು ಹೈಫನ್, ಒಂದು ದೊಡ್ಡ ಎಕ್ಸ್ ಹಾಕಿ ಓಡಿಸಿದರೆ ಯಾವ ಕಡತ ಓದಿದೆ, ಯಾವ ಘಟಕ ಎದ್ದಿದೆ ಎಂದು ಒಂದೊಂದಾಗಿ ಹೇಳಿ, ಕೊನೆಗೆ 'ಕೋರಿಕೆಗಳಿಗೆ ಸಿದ್ಧ' ಎಂಬ ಸಾಲಿಗೆ ಬಂದು ನಿಲ್ಲುತ್ತದೆ. ಆಮೇಲೆ ಬರುವ ಪ್ರತಿ ಕೋರಿಕೆಯ ಪೂರ್ವಾಪರ ಅಲ್ಲಿರುತ್ತದೆ. ಏನು ಬಂತು, ಯಾವ ನಿಯಮ ಹೊಂದಿತು, ಯಾವುದು ಹೊಂದಲಿಲ್ಲ, ಏನು ಉತ್ತರ ಹೋಯಿತು. ಮೊದಲ ನೋಟಕ್ಕೆ ತಲೆ ತಿರುಗುವಷ್ಟು ಉದ್ದ. ಓದುವುದು ರೂಢಿಯಾದರೆ ಮಾತ್ರ ಬೇರೆ ಯಾವ ಸರ್ವರೂ ಇಷ್ಟು ಬಿಚ್ಚು ಮನಸ್ಸಿನದಲ್ಲ ಅನ್ನಿಸುತ್ತದೆ. ಓಡುತ್ತಿರುವ ಸರ್ವರನ್ನು ನಿಲ್ಲಿಸದೆ ಒಬ್ಬರದ್ದನ್ನಷ್ಟೇ ನೋಡಬೇಕಾದರೆ ರೇಡ್‌ಡಿಬಗ್ ಇದೆ.

ಒಮ್ಮೆ ಮೊದಲ ವರ್ಷದ ಹುಡುಗನೊಬ್ಬ ಅಳುಮುಖದಿಂದ ಬಂದ. ಪಾಸ್‌ವರ್ಡ್ ಮೂರು ಸಲ ಬದಲಿಸಿಕೊಟ್ಟಿದ್ದರೂ ಮೊಬೈಲ್ ಒಳಗೆ ಹೋಗುತ್ತಿರಲಿಲ್ಲ. "ಸರ್, ನನ್ನ ಫೋನೇ ಸರಿಯಿಲ್ಲವೇನೋ" ಎಂದ. ಎದುರಿಗೆ ಕೂರಿಸಿ ಪರದೆ ತೆರೆದೆ. ಅವನು ಒತ್ತಿದ, ಸಾಲುಗಳು ಓಡಿದವು. ನಡುವೆ ಒಂದು ಸಾಲು: ಬಳಕೆದಾರರ ಹೆಸರಿನಲ್ಲಿ ಖಾಲಿ ಜಾಗವಿದೆ, ತಿರಸ್ಕರಿಸಲಾಗಿದೆ. ಮೊಬೈಲಿನ ಕೀಲಿಮಣೆ ತಾನೇ ಸೂಚಿಸಿದ ಹೆಸರಿನ ಕೊನೆಗೆ ಒಂದು ಖಾಲಿ ಜಾಗವನ್ನೂ ಸೇರಿಸಿ ಕೊಡುತ್ತಿತ್ತು. ಕಣ್ಣಿಗೆ ಕಾಣದ ಆ ಜಾಗಕ್ಕಾಗಿ ಅವನು ನಾಲ್ಕು ದಿನ ಅಲೆದಿದ್ದ. ಅಳಿಸಿದ, ಸಂಪರ್ಕ ಸಿಕ್ಕಿತು. ಹೀಗೆ ಬರುವವರು ಈಗಲೂ ತಿಂಗಳಿಗೆ ಇಬ್ಬರು ಮೂವರು ಇರುತ್ತಾರೆ, ನನಗೆ ಒಮ್ಮೆಯೂ ಬೇಸರವಾಗಿಲ್ಲ.

ಇಷ್ಟು ಹೇಳುವ ಪರದೆಯನ್ನು ನಾನೇ ನೋಡದೆ ಕೆಟ್ಟದ್ದೂ ಉಂಟು. ಫ್ರೀರೇಡಿಯಸ್ಸನ್ನು ಸೋರ್ಸ್ ಕೋಡಿನಿಂದ ಕಟ್ಟಿಕೊಂಡರೆ, ಮೊಬೈಲಿಗೆ ಸರ್ವರಿನ ಗುರುತು ತೋರಿಸುವ ಪರೀಕ್ಷಾರ್ಥ ಪ್ರಮಾಣಪತ್ರಗಳೂ ಜತೆಗೆ ಸಿದ್ಧವಾಗುತ್ತವೆ, ಅವುಗಳ ಆಯಸ್ಸು 60 ದಿನ. ಬದಲಿಸಿ ಎಂದು ಅಲ್ಲೇ ಬರೆದಿದೆ. ನಾಳೆ ಬದಲಿಸುತ್ತೇನೆ ಎಂದುಕೊಂಡೆ. ಅರವತ್ತೊಂದನೆಯ ಬೆಳಿಗ್ಗೆ ಆಂತರಿಕ ಪರೀಕ್ಷೆ, ಒಂದೊಂದಾಗಿ ಎಲ್ಲ ಮೊಬೈಲುಗಳೂ ಹೊರಗೆ. ಎರಡು ಗಂಟೆ ಕಾಲ ಮಹಡಿಯಿಂದ ಮಹಡಿಗೆ ಓಡಿ, ವೈಫೈ ಬಿತ್ತರಿಸುವ ಆಕ್ಸೆಸ್ ಪಾಯಿಂಟುಗಳ ವಿದ್ಯುತ್ ತಂತಿ ಕಿತ್ತು ಚುಚ್ಚಿದೆ. ಕೊನೆಗೆ ಬೆವರು ಒರೆಸಿಕೊಂಡು ಪರದೆ ತೆರೆದರೆ, ಪ್ರಮಾಣಪತ್ರದ ಅವಧಿ ಮುಗಿದಿದೆ ಎಂದು ಮೊಬೈಲುಗಳು ಕಳಿಸಿದ ಎಚ್ಚರಿಕೆ ಸಾಲುಸಾಲಾಗಿ ಬಿದ್ದಿತ್ತು.

ಇನ್ನು ನನ್ನ ಹಳೆಯ ಹೊಟ್ಟೆಯುರಿ. ಪ್ರವೇಶ ವಿಭಾಗದ ಡೇಟಾಬೇಸಿನಲ್ಲಿ ಪಾಸ್‌ವರ್ಡುಗಳನ್ನು ಮರಳಿ ಪಡೆಯಲಾಗದ ಹ್ಯಾಶ್ ರೂಪದಲ್ಲಿ, ಉಪ್ಪು (ಒಬ್ಬೊಬ್ಬರಿಗೂ ಬೇರೆಯಾದ ಯಾದೃಚ್ಛಿಕ ಅಕ್ಷರಗಳು) ಬೆರೆಸಿ, ಚೆನ್ನಾಗಿಯೇ ಇಟ್ಟಿದ್ದರು. ಆದರೆ ಪೀಪ್ ಎಂಬ ಗೂಢಲಿಪಿಯ ಸುರಂಗದ ಒಳಗೆ ನಡೆಯುವ ಎಂಎಸ್‌ಚಾಪ್ ಎಂಬ ಪಾಸ್‌ವರ್ಡ್ ಪರೀಕ್ಷೆಗೆ, ಸರ್ವರಿನ ಬಳಿ ಪಾಸ್‌ವರ್ಡ್ ಬಯಲಾಗಿರಬೇಕು, ಇಲ್ಲವೇ ಎನ್‌ಟಿ ಹ್ಯಾಶ್ ಎಂಬ ಉಪ್ಪಿಲ್ಲದ ಹಳೆಯ ರೂಪದಲ್ಲಿರಬೇಕು. ಟಿಟಿಎಲ್‌ಎಸ್ ಎಂಬ ಇನ್ನೊಂದು ಸುರಂಗದ ಒಳಗೆ, ಪಾಸ್‌ವರ್ಡನ್ನು ಇದ್ದಂತೆಯೇ ಕಳಿಸುವ ಪ್ಯಾಪ್ ಇಟ್ಟರೆ ಈ ತೊಡಕಿಲ್ಲ, ಸುರಂಗದ ಒಳಗೆ ಬಂದ ಪಾಸ್‌ವರ್ಡನ್ನು ಸರ್ವರ್ ಯಾವ ಹ್ಯಾಶ್ ಜತೆಗಾದರೂ ಹೋಲಿಸಬಲ್ಲದು. ಆದರೆ ವಿಂಡೋಸ್‌ಗೆ ಟಿಟಿಎಲ್‌ಎಸ್ ತಾನಾಗಿ ಬಂದದ್ದು 8ನೇ ಆವೃತ್ತಿಯಲ್ಲಿ, ನಮ್ಮ ಪ್ರಯೋಗಾಲಯಗಳಲ್ಲಿ ಇದ್ದದ್ದು ಬರೀ 7. ಇದು ಫ್ರೀರೇಡಿಯಸ್‌ನ ತಪ್ಪಲ್ಲ, ಗಣಿತದ ತಪ್ಪೂ ಅಲ್ಲ. ಆದರೂ ಎಲ್ಲರ ಪಾಸ್‌ವರ್ಡ್ ಹೊಸದಾಗಿ ಪಡೆದು, ಪಕ್ಕದಲ್ಲಿ ಎನ್‌ಟಿ ಹ್ಯಾಶ್‌ಗೆಂದು ಒಂದು ಕಾಲಂ ಸೇರಿಸಿದ ದಿನ ಕೈ ಹಿಂಜರಿಯಿತು. ಗಟ್ಟಿ ಬೀಗವಿದ್ದ ಮನೆಗೆ ನಾನೇ ತಗಡಿನ ಹಿತ್ತಿಲ ಬಾಗಿಲು ಕೂರಿಸಿದಂತಾಯಿತು.

ಕರೆಂಟ್ ಹೋಗುವ ಊರಿನವರಿಗೆ ಒಂದು ಮಾತು. ಒಬ್ಬರಿಗೆ ಒಂದೇ ಸಂಪರ್ಕ ಎಂಬ ಮಿತಿ ಹಾಕಿದರೆ, ವಿದ್ಯುತ್ ಕೈಕೊಟ್ಟಾಗ ಆಕ್ಸೆಸ್ ಪಾಯಿಂಟ್ 'ಇವರು ಹೋದರು' ಎಂದು ಹೇಳುವ ಮೊದಲೇ ಸಾಯುತ್ತದೆ. ಮರಳಿ ಎದ್ದಾಗ 'ಹಳೆಯದೆಲ್ಲ ಮುಗಿಯಿತು' ಎಂದು ತಿಳಿಸಬೇಕು, ನಮ್ಮ ಅಗ್ಗದ ಪೆಟ್ಟಿಗೆಗಳು ತಿಳಿಸುತ್ತಿರಲಿಲ್ಲ. ಯಾರು ಒಳಗಿದ್ದಾರೆ ಎಂದು ಸರ್ವರ್ ಇಡುವ ಲೆಕ್ಕದ ಕೋಷ್ಟಕದಲ್ಲಿ ಹುಡುಗರೆಲ್ಲ ಇನ್ನೂ ಒಳಗೇ, ಹೊರಗೆ ನಿಂತ ಅದೇ ಹುಡುಗರಿಗೆ ಪ್ರವೇಶವಿಲ್ಲ! ಪೆಟ್ಟಿಗೆಗಳು ಹತ್ತು ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುವಂತೆ ಮಾಡಿ, ಅರ್ಧ ಗಂಟೆ ಸುದ್ದಿಯಿಲ್ಲದವರ ಸಾಲನ್ನು ಮುಚ್ಚುವ ಸಣ್ಣ ಸ್ಕ್ರಿಪ್ಟ್ ಬರೆದ ಮೇಲೆ ಆ ಗೋಳು ತಪ್ಪಿತು.

ವಾರ್ಡನ್ ಮೇಡಂ ಮೊದಲ ವರ್ಷದವರಿಗೆ ರಾತ್ರಿ ಹನ್ನೊಂದಕ್ಕೆ ವೈಫೈ ನಿಲ್ಲಬೇಕು ಎಂದಾಗ ನಾನು ಸೇರಿಸಿದ್ದು ಒಂದೇ ಸಾಲು. ಹತ್ತೂವರೆಗೆ ಸೇರಿದವನಿಗೆ ಉಳಿದ ಅರ್ಧ ಗಂಟೆಯನ್ನು ಲೆಕ್ಕ ಹಾಕಿ ಅಷ್ಟನ್ನೇ ಕೊಡುವ ಕೆಲಸವನ್ನು ಸರ್ವರ್ ತಾನೇ ಮಾಡಿಕೊಂಡಿತು.

2024ರ ಜುಲೈಯಲ್ಲಿ ಬ್ಲಾಸ್ಟ್‌ರೇಡಿಯಸ್ ಎಂಬ ದೋಷ ಬಯಲಾದಾಗ ಎದೆ ಧಸಕ್ಕೆಂದಿತು. ಎಂಡಿ5 ಎಂಬ ಹಳೆಯ ಹ್ಯಾಶ್ ವಿಧಾನವನ್ನು ನಂಬಿ ಬೆಳೆದ, ಸರ್ವರ್ ಮತ್ತು ಪೆಟ್ಟಿಗೆಗಳು ಮಾತಾಡುವ ರೇಡಿಯಸ್ ಪ್ರೋಟೊಕಾಲಿನದೇ ದೋಷ, ಯಾವ ಸರ್ವರೂ ಹೊರತಲ್ಲ. ಹಾಸ್ಟೆಲಿನ ವೈಫೈ ಬಳಸುವ ಇಎಪಿ (ಪೀಪ್, ಟಿಟಿಎಲ್‌ಎಸ್ ಎರಡೂ ಇದರ ಬಗೆಗಳೇ) ಕೋರಿಕೆಗಳಲ್ಲಿ ಸಂದೇಶದ ಸಹಿ ಕಡ್ಡಾಯವಾದ್ದರಿಂದ ಆ ಭಾಗಕ್ಕೆ ಅಪಾಯವಿರಲಿಲ್ಲ. ಅತಿಥಿಗೃಹದ ಲಾಗಿನ್ ಪುಟದ ಪೆಟ್ಟಿಗೆ ಮಾತ್ರ ಸಹಿಯಿಲ್ಲದೆ ಕೋರಿಕೆ ಕಳಿಸುತ್ತಿತ್ತು. ಹೊಸ ಆವೃತ್ತಿ ಹಾಕಿದ ಸಂಜೆಯೇ ಡಿಬಗ್ ಪರದೆ ಅದರ ಐಪಿ ವಿಳಾಸ ಸಮೇತ ದೂರು ಕೊಟ್ಟಿತು.

ಕಿರಿಯ ಸಹೋದ್ಯೋಗಿಗೆ ಈ ಪರದೆ ಹಿಡಿಸಿಲ್ಲ. ಅವರು ಡಾಲೋರೇಡಿಯಸ್ ಹಾಕಿಕೊಂಡು ಬ್ರೌಸರಿನಲ್ಲೇ ಖಾತೆ ತೆರೆಯುತ್ತಾರೆ, ಮುಚ್ಚುತ್ತಾರೆ. ಸರಿಯೇ. ಕಪ್ಪು ಪರದೆ ಓದಲು ತಾಳ್ಮೆಯಿಲ್ಲದ, ಹಣವಿರುವ ಸಂಸ್ಥೆಗಳು ಪೆಟ್ಟಿಗೆಯನ್ನೇ ಕೊಳ್ಳಲಿ, ನನ್ನ ತಕರಾರಿಲ್ಲ. ನಮ್ಮಷ್ಟು ಬಜೆಟ್ಟಿನವರಿಗೆ, ದಿನಕ್ಕೆ ಕಾಲು ಗಂಟೆ ಓದುವ ಮನಸ್ಸಿದ್ದರೆ, ನಾನು ಇದನ್ನೇ ಹೇಳುತ್ತೇನೆ.

ಮೆಕ್ಯಾನಿಕಲ್ ವಿಭಾಗದಲ್ಲಿ ಒಂದು ಹಳೆಯ ಯಂತ್ರಕ್ಕೆ ಕಟ್ಟಿಬಿದ್ದ ವಿಂಡೋಸ್ 7 ಕಂಪ್ಯೂಟರ್ ಇನ್ನೊಂದೇ ಉಳಿದಿದೆ. ಬೇಸಿಗೆ ರಜೆಯಲ್ಲಿ ಅದನ್ನು ಬದಲಿಸುವುದಾಗಿ ವಿಭಾಗದ ಮುಖ್ಯಸ್ಥರು ಒಪ್ಪಿದ್ದಾರೆ. ಎನ್‌ಟಿ ಹ್ಯಾಶ್‌ನ ಆ ಕಾಲಂ ಅಳಿಸುವ ಆಜ್ಞೆಯನ್ನು ಈಗಲೇ ಒಂದು ಕಡತದಲ್ಲಿ ಬರೆದಿಟ್ಟುಕೊಂಡಿದ್ದೇನೆ.