649 ರೂಪಾಯಿಯ ತಕ್ಕಡಿ, ನಾಲ್ಕು ತಿಂಗಳ ಮೇಲೆ

ಅಡುಗೆಮನೆಗೆ ಒಂದು ಡಿಜಿಟಲ್ ತಕ್ಕಡಿ ತರಿಸಿದೆ. 649 ರೂಪಾಯಿ. 5 ಕೆಜಿವರೆಗೆ ತೂಗುತ್ತದೆ, ಒಂದೊಂದು ಗ್ರಾಂ ತೋರಿಸುತ್ತದೆ. ಪೆಟ್ಟಿಗೆ ಬಿಚ್ಚುವಾಗಲೇ ಅತ್ತೆ ಕೇಳಿದರು, "ಏನಮ್ಮಾ, ಚಿನ್ನದಂಗಡಿ ಇಡ್ತೀಯಾ?"

ನನ್ನ ತೂಕ ಆಗ 74 ಕೆಜಿ. ದಿನಾ ಎಂಟು ಗಂಟೆ ಕೂತೇ ಮಾಡುವ ಕೆಲಸ. ಅನ್ನ ಅರ್ಧ ಮಾಡಿದ್ದೆ, ರಾತ್ರಿಯ ಮುದ್ದೆ ಬಿಟ್ಟಿದ್ದೆ. ತುಮಕೂರಿನವಳು ಮುದ್ದೆ ಬಿಡೋದು ಸುಮ್ನೆ ಮಾತಲ್ಲ. ಆದರೂ ತೂಕ ಇಳಿಯಲಿಲ್ಲ. ಮೊಬೈಲ್ ಆ್ಯಪ್‌ನಲ್ಲಿ "ಒಂದು ಬೌಲ್ ಪಲ್ಯ" ಅಂತ ತುಂಬಿಸುತ್ತಿದ್ದೆ. ಯಾರ ಮನೆಯ ಬೌಲ್?

ತಕ್ಕಡಿ ಸರಿಯಿದೆಯಾ ಅಂತ ಮೊದಲು ಅರ್ಧ ಲೀಟರ್ ಹಾಲಿನ ಪ್ಯಾಕೆಟ್ ಇಟ್ಟೆ. 518 ತೋರಿಸಿತು. ಹಾಲು ನೀರಿಗಿಂತ ಸ್ವಲ್ಪ ಭಾರ, ಮೇಲೆ ಕವರ್ ಬೇರೆ. ಲೆಕ್ಕ ಕೂಡಿತು.

ಆಮೇಲೆ ಮುದ್ದೆ. ನಮ್ಮ ಮನೆಯ ಒಂದು ಮುದ್ದೆ 250 ಗ್ರಾಂ. ಆದರೆ ಅದರಲ್ಲಿ ಹಿಟ್ಟು 80 ಗ್ರಾಂ ಅಷ್ಟೇ, ಮಿಕ್ಕಿದ್ದು ನೀರು. ರಾಗಿಹಿಟ್ಟು 100 ಗ್ರಾಂಗೆ ಸುಮಾರು 320 ಕ್ಯಾಲೊರಿ. ಅಂದರೆ ಒಂದು ಮುದ್ದೆಗೆ 256. ಇದನ್ನಾ ನಾನು ಬಿಟ್ಟಿದ್ದು ಅನಿಸಿತು! ಬೇಯಿಸಿದ್ದನ್ನು ತೂಗಿ ಹಸಿಹಿಟ್ಟಿನ ಲೆಕ್ಕ ಹಾಕಿದರೆ ಅದೇ ಮುದ್ದೆ 800 ಆಗಿಬಿಡುತ್ತದೆ. ಹಸಿದನ್ನೇ ತೂಗಬೇಕು.

ನಿಜವಾದ ಕಳ್ಳ ಸಿಕ್ಕಿದ್ದು ಎಣ್ಣೆಯಲ್ಲಿ. ಒಗ್ಗರಣೆಗೆ ನಿಧಾನವಾಗಿ ಸುರಿದರೆ ಈ ತಕ್ಕಡಿಗೆ ಗೊತ್ತೇ ಆಗುವುದಿಲ್ಲ, ಅಂಕಿ ಸೊನ್ನೆಯಲ್ಲೇ ನಿಲ್ಲುತ್ತದೆ. ಇದು ದೊಡ್ಡ ದೋಷ. ನಾನು ಕಂಡುಕೊಂಡ ಉಪಾಯ ಇದು: ಎಣ್ಣೆ ಬಾಟಲಿಯನ್ನೇ ಮೇಲಿಟ್ಟು ಸೊನ್ನೆ ಮಾಡಿ, ಬಾಣಲೆಗೆ ಸುರಿದು ಮತ್ತೆ ಇಡಿ. ಎಷ್ಟು ಹೋಯಿತೋ ಅಷ್ಟು ಮೈನಸ್‌ನಲ್ಲಿ ಬರುತ್ತದೆ. ಒಂದು ದಿನ ಪೂರ್ತಿ ಹೀಗೆ ಕೂಡಿಸಿದೆ. ನಾಲ್ಕು ಜನಕ್ಕೆ 140 ಗ್ರಾಂ. ಹಿಟ್ಟು, ಬೇಳೆಯ ಪಿಷ್ಟ, ಪ್ರೋಟೀನ್ ಗ್ರಾಂಗೆ 4 ಕ್ಯಾಲೊರಿ ಕೊಟ್ಟರೆ ಕೊಬ್ಬು 9 ಕೊಡುತ್ತದೆ. ತಲೆಗೆ 35 ಗ್ರಾಂ, 315 ಕ್ಯಾಲೊರಿ. ಒಂದು ಮುದ್ದೆಗಿಂತ ಜಾಸ್ತಿ! ಈಗ ನಾಲ್ಕು ಜನದ ಎಣ್ಣೆಯನ್ನು 140ರಿಂದ 80 ಗ್ರಾಂಗೆ ಇಳಿಸಿದ್ದೇವೆ. ಸಂಜೆ ಟಿವಿ ಮುಂದೆ ತಿನ್ನುತ್ತಿದ್ದ ಕಡಲೆಕಾಯಿ ಬೀಜವನ್ನು 40 ಗ್ರಾಂನಿಂದ 20ಕ್ಕೆ ತಂದೆ. ಮುದ್ದೆ ವಾಪಸ್ ಬಂತು.

ಪೆಟ್ಟಿಗೆ ಮೇಲೆ "ಮಿಲಿಲೀಟರ್ ಅಳೆಯುತ್ತದೆ" ಅಂತ ಇದೆ. ನಂಬಬೇಡಿ. ಗ್ರಾಂ ಅಂಕಿಗೇ ಹೆಸರು ಬದಲಿಸಿ ತೋರಿಸುತ್ತದೆ, ನೀರಿಗೆ ಮಾತ್ರ ಸರಿ. 100 ಮಿಲಿ ಎಣ್ಣೆ 92 ಗ್ರಾಂ ಹತ್ತಿರ ಇರುತ್ತದೆ. ಗುಂಡಿಗೆ ಕೈ ತಾಗಿದರೆ ಔನ್ಸ್‌ಗೂ ಹೋಗುತ್ತದೆ. ನೂರು ಗ್ರಾಂ ಅಕ್ಕಿಗೆ 3.5 ಅಂತ ಬಂದಾಗ ಕೆಟ್ಟೇಹೋಯಿತು ಅಂದುಕೊಂಡೆ.

ಅಳತೆಯ ಗೊಂದಲ ಇನ್ನೊಂದು ಕಡೆಯೂ ಆಯಿತು. ಮೆಲ್ಬರ್ನ್‌ನಿಂದ ತಂಗಿ ಬಿಸ್ಕತ್ತು ತಂದಿದ್ದಳು. ಪ್ಯಾಕೆಟ್ ಮೇಲೆ 100 ಗ್ರಾಂಗೆ 2000 ಅಂತ ಇತ್ತು. ಎದೆ ಧಸಕ್ ಅಂತು. ನೋಡಿದರೆ ಅದು ಕಿಲೋಜೂಲ್. ಅಲ್ಲಿ ಹಾಗೇ ಬರೆಯುತ್ತಾರೆ. 4.184ರಿಂದ ಭಾಗಿಸಿದರೆ 478 ಕ್ಯಾಲೊರಿ. ನಾವು ಬಾಯಲ್ಲಿ ಕ್ಯಾಲೊರಿ ಅನ್ನುವುದು ಕೂಡ ಅಸಲಿಗೆ ಕಿಲೋಕ್ಯಾಲೊರಿ: ಒಂದು ಕೆಜಿ ನೀರನ್ನು ಒಂದು ಡಿಗ್ರಿ ಬಿಸಿ ಮಾಡುವಷ್ಟು ಶಕ್ತಿ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಲೆಕ್ಕದಲ್ಲಿ, 55 ಕೆಜಿ ತೂಕದ, ಕೂತು ಕೆಲಸ ಮಾಡುವ ಹೆಂಗಸಿಗೆ ದಿನಕ್ಕೆ 1660 ಸಾಕು. ನನ್ನ ತೂಕಕ್ಕೆ ಸ್ವಲ್ಪ ಹೆಚ್ಚು ಬೇಕು. ನಾನು ಕಡಿಮೆ ಮಾಡಿದ್ದು ದಿನಕ್ಕೆ 240ರಷ್ಟು. ಒಂದು ಕೆಜಿ ಕೊಬ್ಬು ಕರಗಲು 7700 ಕ್ಯಾಲೊರಿ ಹತ್ತಿರ ಬೇಕು ಅಂತಾರೆ. ನಾಲ್ಕು ತಿಂಗಳಲ್ಲಿ 70.5ಕ್ಕೆ ಬಂದೆ.

ಕೊರತೆಗಳು ಇನ್ನೂ ಇವೆ. ಅಗಲದ ಪಾತ್ರೆ ಇಟ್ಟರೆ ಅಂಕಿ ಮುಚ್ಚಿಹೋಗುತ್ತದೆ. ಎರಡು ನಿಮಿಷ ಮುಟ್ಟದಿದ್ದರೆ ತಾನೇ ಆರಿಹೋಗುತ್ತದೆ, ಆಗ ಮತ್ತೆ ಮೊದಲಿಂದ ತೂಗಬೇಕು. ಆದರೂ ಐದಕ್ಕೆ ನಾಲ್ಕು ಕೊಡುತ್ತೇನೆ.

ಅತ್ತೆ ಈಗ ತಾವೇ ಅದನ್ನು ಎಳೆದುಕೊಳ್ಳುತ್ತಾರೆ. ಮೊನ್ನೆ ಅಂಗಡಿಯಿಂದ ತಂದ ಕಾಲು ಕೆಜಿ ಕೊಬ್ಬರಿ 238 ಗ್ರಾಂ ಇತ್ತಂತೆ. ಚೀಲ ಹಿಡಿದು ಮತ್ತೆ ಅಂಗಡಿಗೆ ಹೋದರು.