ಏಳು ಚಳಿಗಾಲ, ಎರಡು ಬಿಳಿ ಪೈಪು: ನಮ್ಮ ಮನೆಯ ಗ್ಯಾಸ್ ಫರ್ನೇಸ್

ನಮ್ಮ ಮನೆ ಇರುವುದು ಅಮೆರಿಕದ ಮಿನಿಯಾಪೊಲಿಸ್ ಪಕ್ಕದ ಊರಿನಲ್ಲಿ. 2018ರ ಅಕ್ಟೋಬರಿನಲ್ಲಿ ಗ್ಯಾಸ್ ಉರಿಸಿ ಮನೆ ಬೆಚ್ಚಗಿಡುವ ಹಳೇ ಫರ್ನೇಸ್ ತೆಗೆಸಿ 96 ಪರ್ಸೆಂಟ್ ದಕ್ಷತೆಯ, 80,000 ಬಿಟಿಯು (ಗಂಟೆಯ ಶಾಖದ ಲೆಕ್ಕ) ಅಳತೆಯ ಹೊಸದನ್ನು ಹಾಕಿಸಿದೆ. ಮನೆಗೆ ಬಂದ ಕನ್ನಡದವರೆಲ್ಲ ಮೊದಲು ಕೇಳುವುದು ‘ಯಾವ ಕಂಪನಿದು?’ ಅಂತ. ಹೆಸರು ಬರೆಯುತ್ತಿಲ್ಲ, ಬರೆದರೂ ಪ್ರಯೋಜನವಿಲ್ಲ. ಏಳು ಚಳಿಗಾಲದಲ್ಲಿ ಯಂತ್ರ ತಾನಾಗಿ ಕೈಕೊಟ್ಟದ್ದು ಒಂದೇ ಸಲ, ಬೆಂಕಿ ಹೊತ್ತಿಸುವ ಇಗ್ನೈಟರ್ ಸುಟ್ಟುಹೋದಾಗ. ಮಿಕ್ಕ ಗೋಳೆಲ್ಲ ಅದಕ್ಕೆ ಜೋಡಿಸಿದ ಎರಡು ಬಿಳಿ ಪ್ಲಾಸ್ಟಿಕ್ ಪೈಪುಗಳದ್ದು. ಮೂರು ಕಡೆಯಿಂದ ಕೊಟೇಶನ್ ತರಿಸಿದ್ದೆ, ಯಂತ್ರಗಳ ಬಗ್ಗೆ ರಾತ್ರಿ ಕೂತು ಓದಿದ್ದೆ. ಪೈಪು ಎಲ್ಲಿ ಹಾದು ಎಲ್ಲಿ ಹೊರಬೀಳುತ್ತದೆ ಅಂತ ಮಾತ್ರ ಒಬ್ಬರನ್ನೂ ಕೇಳಿರಲಿಲ್ಲ.

ಹಳೆಯದು 80 ಪರ್ಸೆಂಟಿನದು. ಬೇಸ್‌ಮೆಂಟಿನ ಗಾಳಿಯನ್ನೇ ಎಳೆದುಕೊಂಡು ಉರಿದು, ಬಿಸಿ ಹೊಗೆಯನ್ನು ತಗಡಿನ ಕೊಳವೆಯಿಂದ ಚಿಮಣಿಗೆ ಬಿಡುತ್ತಿತ್ತು. ಕೊಳವೆಗೆ ಕೈ ತಾಗಿದರೆ ಬೊಬ್ಬೆ. ಹೊಸದು ಹೊಗೆಯೊಳಗಿನ ನೀರಾವಿಯನ್ನೂ ತಣಿಸಿ, ನೀರಾಗಿಸಿ, ಆ ಶಾಖವನ್ನೂ ಮನೆಗೇ ಕೊಡುತ್ತದೆ. ಹೊರಹೋಗುವ ಹೊತ್ತಿಗೆ ಹೊಗೆಗೆ ಉಳಿಯುವ ಬಿಸಿ ಸಾಮಾನ್ಯವಾಗಿ 40–50 ಡಿಗ್ರಿ ಸೆಲ್ಸಿಯಸ್. ಅದಕ್ಕೇ ಬಿಳಿ ಪಿವಿಸಿ ಪೈಪು ತಡೆದುಕೊಳ್ಳುತ್ತದೆ. ಇನ್ನೊಂದು ಪೈಪು ಉರಿಯಲು ಬೇಕಾದ ಗಾಳಿಯನ್ನು ಹೊರಗಿನಿಂದ ತರುತ್ತದೆ. ನಮ್ಮಲ್ಲಿ ಫರ್ನೇಸ್ ಪಕ್ಕವೇ ವಾಷಿಂಗ್ ಮಷಿನ್. ಬ್ಲೀಚಿನ ಆವಿ ಬೆಂಕಿಗೆ ಹೋದರೆ ಒಳಗಿನ ಲೋಹವನ್ನು ತಿನ್ನುತ್ತದಂತೆ, ಆ ಚಿಂತೆ ತಪ್ಪಿತು.

ತೀರ್ಥಹಳ್ಳಿಯಿಂದ ಬಂದಿದ್ದ ಅಮ್ಮ ಹೊರಗಿನ ಪೈಪಿಗೆ ಕೈ ಒಡ್ಡಿ, ‘ಇದು ಹೊಗೆನೇನೋ? ಬಿಸಿನೇ ಇಲ್ವಲ್ಲ’ ಅಂದಳು. ಊರ ಮನೆಯಲ್ಲಿ ಅಸ್ತ್ರ ಒಲೆ ಹಾಕಿಸಿದಾಗಲೂ ಹೊಗೆಕೊಳವೆ ನೆಟ್ಟಗಿದೆಯೋ ಇಲ್ಲವೋ ಅಂತ ಮೇಸ್ತ್ರಿಯ ತಲೆ ತಿಂದವಳು ಅವಳು. ಇಲ್ಲಿ ನನಗೆ ಆ ಬುದ್ಧಿ ಬರಲಿಲ್ಲ.

ಬುದ್ಧಿ ಬಂದದ್ದು 2019ರ ಜನವರಿ 30ರ ಬೆಳಗಿನ ಜಾವ. ಪೋಲಾರ್ ವೋರ್ಟೆಕ್ಸ್, ಅಂದರೆ ಧ್ರುವದ ಕಡುಚಳಿಯ ಗಾಳಿ, ಇಳಿದು ಬಂದ ವಾರ, ಊರಲ್ಲಿ ಮೈನಸ್ 33 ಡಿಗ್ರಿ. ಮೂರೂವರೆಗೆ ಎಚ್ಚರವಾದಾಗ ಮೂಗಿನ ತುದಿ ತಣ್ಣಗಿತ್ತು. ಕೆಳಗೆ ಹೋಗಿ ನೋಡಿದರೆ ಫರ್ನೇಸಿನ ಪುಟ್ಟ ದೀಪ ಮೂರು ಸಲ ಮಿಣುಕುತ್ತದೆ, ನಿಲ್ಲುತ್ತದೆ, ಮತ್ತೆ ಮೂರು ಸಲ. ಬಾಗಿಲ ಹಿಂದೆ ಅಂಟಿಸಿದ ಪಟ್ಟಿಯಲ್ಲಿ ಅದಕ್ಕೆ ಅರ್ಥ, ಪ್ರೆಷರ್ ಸ್ವಿಚ್. ಬೆಂಕಿ ಹೊತ್ತುವ ಮೊದಲು ಒಂದು ಸಣ್ಣ ಫ್ಯಾನು ತಿರುಗಿ ಹೊಗೆದಾರಿಯಲ್ಲಿ ಎಳೆತ ಹುಟ್ಟಿಸುತ್ತದೆ. ಎಳೆತ ಸರಿಯಿದ್ದರೆ ಮಾತ್ರ ಆ ಸ್ವಿಚ್ ಗ್ಯಾಸಿಗೆ ಅಪ್ಪಣೆ ಕೊಡುತ್ತದೆ. ಅಂದರೆ ಎಲ್ಲೋ ಪೈಪು ಕಟ್ಟಿದೆ.

ಜಾಕೆಟ್ಟಿನ ಮೇಲೆ ಜಾಕೆಟ್ ಹಾಕಿಕೊಂಡು ಹೊರಗೆ ಹೋದೆ. ಗಾಳಿ ಎಳೆಯುವ ಪೈಪಿನ ಬಾಯಿ ತುಂಬ ಹೆಪ್ಪುಗಟ್ಟಿದ ಬಿಳಿ ಮಂಜು, ತೆಂಗಿನ ತುರಿ ಒತ್ತಿ ತುಂಬಿದ ಹಾಗೆ. ಮರದ ಸೌಟಿನ ಹಿಡಿ ತಂದು ಕೆರೆದೆ. ಉದುರಿತು. ಒಳಗೆ ಬಂದು ಕರೆಂಟ್ ಸ್ವಿಚ್ ಆರಿಸಿ ಹಾಕಿದ ಮೇಲೆ ಫರ್ನೇಸ್ ಹೊತ್ತಿಕೊಂಡಿತು. ಅಷ್ಟರಲ್ಲಿ ಮನೆ 13 ಡಿಗ್ರಿಗೆ ಇಳಿದಿತ್ತು. ಆರು ಗಂಟೆಗೆ ಮತ್ತೆ ಅದೇ ಸೌಟು.

ಹಾಕಿದವರನ್ನು ಕರೆದರೆ ‘ಇಂಥ ಚಳಿಗೆ ಎಲ್ಲರ ಮನೆಯಲ್ಲೂ ಹೀಗೇ’ ಅಂದರು. ಪಕ್ಕದ ಮನೆಯಲ್ಲಿ ಆಗಿರಲಿಲ್ಲ. ಆಮೇಲೆ ಬಂದ ಇನ್ನೊಬ್ಬ ಮೆಕ್ಯಾನಿಕ್ ಒಳಗೆ ಕಾಲಿಡುವ ಮೊದಲೇ ಕಾರಣ ಹೇಳಿದ. ಗ್ಯಾರೇಜಿನ ಗೋಡೆಯೂ ಮನೆಯ ಗೋಡೆಯೂ ಕೂಡುವ ಮೂಲೆಯಲ್ಲಿ, ಒಂದೇ ಎತ್ತರದಲ್ಲಿ, ಎರಡೂ ಬಾಯಿಗಳನ್ನು ಅಕ್ಕಪಕ್ಕ ಇಟ್ಟಿದ್ದರು. ಹೊರಬಿಟ್ಟ ಒದ್ದೆ ಹೊಗೆ ಮೂಲೆಯಲ್ಲಿ ಸುತ್ತಿ ಪಕ್ಕದ ಬಾಯಿಗೇ ವಾಪಸು ಹೋಗುತ್ತಿತ್ತು, ಹೋಗುವಾಗ ಹೆಪ್ಪುಗಟ್ಟುತ್ತಿತ್ತು. ನೆಲದಿಂದ ಒಂದೇ ಅಡಿ ಎತ್ತರ ಬೇರೆ. ಬಾಯಿ ಒಂದಡಿ ಎತ್ತರದಲ್ಲಿರಬೇಕೆಂಬ ನಿಯಮವಿದೆ, ಆದರೆ ಆ ಒಂದಡಿ ಲೆಕ್ಕವಾಗುವುದು ನೆಲದಿಂದಲ್ಲ, ಹಿಮ ಎಷ್ಟೆತ್ತರ ಕೂರುತ್ತದೋ ಅದರ ಮೇಲೆ. ಅವನು ಹಳೇ ತೂತು ಮುಚ್ಚಿ, ಮೂಲೆಯಿಂದ ಆಚೆ ಬಯಲು ಗೋಡೆಗೆ ಪೈಪು ಒಯ್ದ. ಎರಡನ್ನೂ ಮೇಲಕ್ಕೆತ್ತಿ, ಗಾಳಿಯ ಬಾಯಿಯನ್ನು ಕೆಳಮುಖ ಮಾಡಿ, ಹೊಗೆಯ ಬಾಯಿಯನ್ನು ಅದಕ್ಕಿಂತ ಎತ್ತರದಲ್ಲಿ ಗೋಡೆಯಿಂದ ದೂರಕ್ಕೆ ಚಾಚಿದ. ಗ್ಯಾಸ್ ಮೀಟರಿನ ರೆಗ್ಯುಲೇಟರಿನಿಂದ ಮೂರಡಿ, ಕಿಟಕಿಯಿಂದ ಕನಿಷ್ಠ ಒಂದಡಿ, ಎಲ್ಲವನ್ನೂ ಟೇಪು ಹಿಡಿದು ಅಳೆದ. ಅದಾದ ಮೇಲೆ ಸೌಟು ಅಡುಗೆಮನೆ ಬಿಟ್ಟು ಹೊರಗೆ ಬಂದಿಲ್ಲ.

ಎರಡನೇ ವರ್ಷದ ಸಮಸ್ಯೆ ಒಳಗಿನದು. ಫರ್ನೇಸ್ ಓಡುವಾಗ ಹುಕ್ಕಾ ಸೇದಿದ ಹಾಗೆ ಗುಡುಗುಡು ಸದ್ದು, ವಾರಕ್ಕೊಮ್ಮೆ ಅದೇ ಮೂರು ಮಿಣುಕು. ಹೊಗೆ ಪೈಪಿನ ಒಳಗೂ ನೀರು ಕಟ್ಟುತ್ತದೆ, ಅದು ಹಿಂದಕ್ಕೆ ಹರಿದು ಫರ್ನೇಸಿಗೆ ಬಂದು ಅಲ್ಲಿಂದ ಬಚ್ಚಲ ಮೋರಿಗೆ ಹೋಗಬೇಕು. ಅದಕ್ಕೆ ಪ್ರತಿ ಒಂದಡಿ ಉದ್ದಕ್ಕೆ ಕಾಲು ಇಂಚಿನಷ್ಟು ಇಳಿಜಾರು ಬೇಕು, ಫರ್ನೇಸಿನ ಕಡೆಗೆ. ಮೊದಲ ತಂಡ 22 ಅಡಿ ಉದ್ದವನ್ನು ಎರಡೇ ಪಟ್ಟಿಯಲ್ಲಿ ನೇತುಹಾಕಿತ್ತು. ನಡುವೆ ಪೈಪು ಹೊಟ್ಟೆ ಬಿಟ್ಟು ಅಲ್ಲಿ ನೀರು ನಿಂತಿತ್ತು. ನಮ್ಮೂರ ಮೇಸ್ತ್ರಿಗಳ ರಸಮಟ್ಟ ಇಟ್ಟಿದ್ದರೆ ನನಗೇ ಗೊತ್ತಾಗುತ್ತಿತ್ತು. ನಾಲ್ಕಡಿಗೊಂದು ಹ್ಯಾಂಗರ್ ಹಾಕಿ, ಈ ತುದಿಯಿಂದ ಆ ತುದಿಗೆ ಐದೂವರೆ ಇಂಚು ಏರಿಸಿದ ಮೇಲೆ ಹುಕ್ಕಾ ನಿಂತಿತು.

ಹಾಗೆ ಪೈಪು ಎತ್ತುವಾಗ ಎರಡು ಎಲ್ಬೋ, ಅಂದರೆ ಬಾಗಿದ ತುಂಡು, ಕಡಿಮೆಯಾದವು, ಅದೂ ಸಣ್ಣ ವಿಷಯವಲ್ಲ. ಎರಡಿಂಚಿನ ಪೈಪಿನಲ್ಲಿ ಒಂದು ತೊಂಬತ್ತು ಡಿಗ್ರಿ ಬಾಗು, ಗಾಳಿಗೆ ಒಡ್ಡುವ ತಡೆಯಲ್ಲಿ, ಸುಮಾರು ಐದಡಿ ಉದ್ದದ ಪೈಪಿಗೆ ಸಮ. ಇಷ್ಟು ಬಿಟಿಯುಗೆ ಇಷ್ಟು ದಪ್ಪದ ಪೈಪು, ಇಷ್ಟೇ ಉದ್ದ ಎಂಬ ಕೋಷ್ಟಕ ಯಂತ್ರದ ಜೊತೆ ಬರುವ ಕೈಪಿಡಿಯಲ್ಲೇ ಇದೆ. ನಮ್ಮ ಕೈಪಿಡಿ ಅಲ್ಲಿವರೆಗೆ ಪ್ಲಾಸ್ಟಿಕ್ ಕವರಿನಿಂದ ಹೊರಗೇ ಬಂದಿರಲಿಲ್ಲ.

ಇನ್ನು, ಯಾರೂ ಹೇಳದ ಸಂಗತಿ. ಹಳೇ ಫರ್ನೇಸಿನ ಜೊತೆ ನೀರು ಕಾಯಿಸುವ ಗ್ಯಾಸ್ ಟ್ಯಾಂಕೂ ಅದೇ ಚಿಮಣಿಗೆ ಹೊಗೆ ಬಿಡುತ್ತಿತ್ತು. ಫರ್ನೇಸ್ ಪಿವಿಸಿಗೆ ಹೋದಮೇಲೆ ಟ್ಯಾಂಕು ಒಂಟಿ. ಅದರ ಇಷ್ಟೇ ಇಷ್ಟು ಬಿಸಿ ಹೊಗೆಗೆ ಅಷ್ಟು ದೊಡ್ಡ, ತಣ್ಣನೆಯ ಚಿಮಣಿ ಏರುವ ಶಕ್ತಿ ಇಲ್ಲ. ಎರಡನೇ ಮೆಕ್ಯಾನಿಕ್ ‘ಊದುಬತ್ತಿ ಇದೆಯಾ?’ ಅಂತ ಕೇಳಿದಾಗ ನನ್ನ ಹೆಂಡತಿ ತಮಾಷೆ ಅಂದುಕೊಂಡಳು. ದೇವರ ಮನೆಯಿಂದ ತಂದ ಮೈಸೂರು ಊದುಬತ್ತಿಯನ್ನು, ಟ್ಯಾಂಕು ಉರಿಯುತ್ತಿರುವಾಗ, ಅದರ ತಲೆಯ ಮೇಲಿನ ಟೊಪ್ಪಿಗೆಯಂಥ ತೆರಪಿನ ಅಂಚಿಗೆ ಹಿಡಿದ. ಹೊಗೆ ಒಳಗೆ ಎಳೆದುಕೊಳ್ಳಬೇಕು. ನಮ್ಮಲ್ಲಿ ಅದು ಅವನ ಮುಖಕ್ಕೆ ಬಂತು. ಅಂದರೆ ಎಷ್ಟೋ ದಿನದಿಂದ ಟ್ಯಾಂಕಿನ ಹೊಗೆಯೂ ಹಾಗೆಯೇ ಬೇಸ್‌ಮೆಂಟಿಗೆ ಬರುತ್ತಿದ್ದಿರಬೇಕು. ಮಲಗುವ ಕೋಣೆಯ ಹತ್ತಡಿಯೊಳಗೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇರಬೇಕೆಂಬುದು ಮಿನ್ನೆಸೋಟದ ಕಾನೂನು, ನಮ್ಮಲ್ಲೂ ಇತ್ತು, ಕೂಗಿರಲಿಲ್ಲ. ಆದರೂ ಆ ರಾತ್ರಿ ನಿದ್ದೆ ಬರಲಿಲ್ಲ. ಮರುವಾರವೇ ಚಿಮಣಿಯೊಳಗೆ ಕಿರಿದಾದ ಲೋಹದ ಲೈನರ್ ಕೊಳವೆ ಇಳಿಸಿದೆವು. ಊದುಬತ್ತಿ ಪರೀಕ್ಷೆ ಈಗ ಪ್ರತಿ ನವೆಂಬರಿನಲ್ಲಿ ನಾನೇ ಮಾಡುತ್ತೇನೆ. ಹೊಸ ಫರ್ನೇಸಿನ ಕೊಟೇಶನ್ನಿನಲ್ಲಿ ವಾಟರ್ ಹೀಟರಿನ ಸೊಲ್ಲೇ ಇಲ್ಲದಿದ್ದರೆ ಆ ಕೊಟೇಶನ್ ಅಲ್ಲಿಗೇ ಬಿಟ್ಟುಬಿಡಿ.

ಚಿಲ್ಲರೆ ವಿಷಯ: ಕಡು ಚಳಿಯ ದಿನ ಫರ್ನೇಸಿನಿಂದ ಒಂದೆರಡು ಬಕೆಟ್ ನೀರು ಬರುತ್ತದೆ, ಹುಳಿ ಮಜ್ಜಿಗೆಯಷ್ಟು ಹುಳಿ. ಎರಕದ ಕಬ್ಬಿಣದ ಮೋರಿ ಇದ್ದರೆ ಸುಣ್ಣಕಲ್ಲಿನ ಚೂರು ತುಂಬಿದ ಡಬ್ಬಿಯ ಮೂಲಕ ಬಿಡಿ, ಚೂರು ಕರಗಿದಂತೆ ತುಂಬುತ್ತಿರಿ. ಕ್ಯಾನಡಾದಲ್ಲಿರುವವರು ಅಂಗಡಿಯ ಸಾದಾ ನೀರಿನ ಪಿವಿಸಿ ತರಬೇಡಿ. ಅಲ್ಲಿ ಪೈಪಿನ ಮೇಲೆ ಹೊಗೆಪೈಪಿನ ಮಾನದಂಡವಾದ ಎಸ್636 ಅಂತ ಅಚ್ಚಾಗಿರಲೇಬೇಕು, ಅಂಟೂ ಅದರದ್ದೇ ಆಗಬೇಕು. ಕ್ಯಾಲ್ಗರಿಯ ಗೆಳೆಯ ಹಣ ಉಳಿಸಲು ಹೋಗಿ ಎಲ್ಲ ಕಿತ್ತು ಮತ್ತೆ ಹಾಕಿಸಿದ.

ಯಂತ್ರಕ್ಕೆ ನಾಲ್ಕೂವರೆ ನಕ್ಷತ್ರ. ಮನೆ ಸಮನಾಗಿ ಬೆಚ್ಚಗಿರುತ್ತದೆ, ಸದ್ದು ಕಡಿಮೆ, ಬಾಗಿಲ ಸಂದಿಯಿಂದ ನುಗ್ಗುತ್ತಿದ್ದ ಚಳಿಗಾಳಿಯೂ ಇಳಿದಿದೆ. ಮೊದಲ ಪೈಪು ಕೆಲಸಕ್ಕೆ ಒಂದು, ಅದೂ ಅಂಟು ಸೋರದ್ದಕ್ಕೆ. ಎರಡನೆಯದಕ್ಕೆ ಐದು.

ಕಳೆದ ಸೆಪ್ಟೆಂಬರಿನಲ್ಲಿ ಗಾಳಿ ಪೈಪಿನ ಬಾಯಲ್ಲಿ ಕಣಜ ಗೂಡು ಕಟ್ಟಲು ಶುರುಮಾಡಿತ್ತು. ಸೊಳ್ಳೆ ಜಾಲರಿ ಬಿಗಿದೆ. ಮೆಕ್ಯಾನಿಕ್ ನೋಡಿ ತಲೆ ಚಚ್ಚಿಕೊಂಡ. ಅಷ್ಟು ಸಣ್ಣ ಕಣ್ಣಿನ ಜಾಲರಿಗೆ ಮೊದಲ ಹಿಮದಲ್ಲೇ ಮಂಜುಗಡ್ಡೆ ಹಿಡಿಯುತ್ತದಂತೆ. ಈಗ ಜಾಲರಿ ಬೇಸಿಗೆಗೆ ಮಾತ್ರ. ಅಕ್ಟೋಬರಿನಲ್ಲಿ ತೆಗೆಯಬೇಕೆಂದು ಥರ್ಮೋಸ್ಟಾಟಿನ ಮೇಲೆ ಹೆಂಡತಿ ಚೀಟಿ ಅಂಟಿಸಿದ್ದಾಳೆ, ಪಕ್ಕದಲ್ಲಿ ಸೌಟಿನ ಚಿತ್ರ ಬರೆದು.